ಅಟ್ಟದಿಂದ ಇಳಿಸಿದ ಕಂಪ್ಯೂಟರು, ಅದಕ್ಕೊಪ್ಪುವ ಭಾಷೆ

ಈ ಸಲದ ಪ್ರಶ್ನೆಗಳೆಲ್ಲ 1980ರ ದಶಕದ ಮನೆ ಕಂಪ್ಯೂಟರುಗಳ ಕುರಿತವು. ಸಿಂಕ್ಲೇರ್ ಸ್ಪೆಕ್ಟ್ರಂ, ಕಮೊಡೋರ್ 64, ಬಿಬಿಸಿ ಮೈಕ್ರೋ ಈ ಮೂರನ್ನು ಮುಂದಿಟ್ಟುಕೊಂಡು ಉತ್ತರಿಸಿದ್ದೇವೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಯಂತ್ರದಲ್ಲಿ ಅದೇ ಉಚ್ಚಾರದ ಇಂಗ್ಲಿಷ್ ಆಜ್ಞೆಯನ್ನು ಕೊಡಿ. ಮೆಮೊರಿಯ ವಿಳಾಸಗಳೆಲ್ಲ ದಶಮಾನದಲ್ಲಿವೆ.

ಪ್ರಶ್ನೆ: ತಂದೆಯವರು ಕೊಂಡಿದ್ದ ಡಿಬಿ ಸ್ಪೆಕ್ಟ್ರಂ ಪ್ಲಸ್ ಅಟ್ಟದ ಮೇಲೆ ಸಿಕ್ಕಿದೆ. ಬೇಸಿಕ್, ಪಾಸ್ಕಲ್, ಫೋರ್ತ್, ಅಸೆಂಬ್ಲಿ ಈ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎಲ್ಲಿಂದ ಶುರು ಮಾಡಲಿ? ಬೇಸಿಕ್ ಕಲಿತರೆ ಕೈ ಕೆಡುತ್ತದೆ ಅನ್ನುತ್ತಾರೆ, ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಭಾಷೆಯ ಮಾತಿಗೆ ಮುಂಚೆ ಕರೆಂಟಿನ ಮಾತು. ಸ್ಪೆಕ್ಟ್ರಮ್ಮಿಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಪ್ಲಗ್ಗಿನ ನಡುವಿನ ತೂತು ಮೈನಸ್, ಹೊರಗಿನ ಸುತ್ತು ಪ್ಲಸ್. ಇವತ್ತು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ಉಲ್ಟಾ. ಉಲ್ಟಾ ಕೊಟ್ಟರೆ ಒಳಗೆ 12 ವೋಲ್ಟ್ ಮತ್ತು ಮೈನಸ್ 5 ವೋಲ್ಟ್ ತಯಾರಿಸುವ ಭಾಗದ ಟ್ರಾನ್ಸಿಸ್ಟರ್ ಸುಡುತ್ತದೆ. ಮೈನಸ್ 5 ವೋಲ್ಟ್ ನಿಂತುಹೋಗಿ ಮಿಕ್ಕ ವೋಲ್ಟೇಜುಗಳು ಮಾತ್ರ ಬರುತ್ತಿದ್ದರೆ ಕೆಳಗಿನ 16 ಕಿಲೋಬೈಟಿನ 4116 ಮೆಮೊರಿ ಚಿಪ್ಪುಗಳೂ ಹೋಗುತ್ತವೆ. ಆದ್ದರಿಂದ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಮೂಲ ಅಡಾಪ್ಟರು ಯಂತ್ರಕ್ಕೆ ಚುಚ್ಚದೆ ಇದ್ದಾಗ 12–13 ವೋಲ್ಟ್ ತೋರಿಸಿದರೆ ಗಾಬರಿ ಬೇಡ, ಅದು ಸಹಜ.

ಇನ್ನು ಭಾಷೆ. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಭಾರತದಲ್ಲಿ ಬಿಡುಗಡೆ ಮಾಡಿದ ನಿಮ್ಮ ಯಂತ್ರ ಒಳಗಿನಿಂದ 48 ಕಿಲೋಬೈಟಿನ ಸ್ಪೆಕ್ಟ್ರಮ್ಮೇ. ಒಟ್ಟು 49,152 ಬೈಟುಗಳಲ್ಲಿ 6144 ಬೈಟು ತೆರೆಯ ಚುಕ್ಕೆಗಳಿಗೆ, 768 ಬೈಟು ಬಣ್ಣಗಳಿಗೆ ಮೀಸಲು. ಇನ್ನೊಂದಿಷ್ಟು ಯಂತ್ರದ ಸ್ವಂತ ಲೆಕ್ಕಾಚಾರಕ್ಕೆ ಹೋಗುತ್ತದೆ. ಬೇಸಿಕ್ ಪ್ರೋಗ್ರಾಂ 23755ರಿಂದ ಶುರುವಾಗುತ್ತದೆ, 65367ರ ತನಕ ಜಾಗ ನಿಮ್ಮದು. ಅಂದರೆ 41 ಸಾವಿರ ಬೈಟುಗಳಷ್ಟು. ಬೇಸಿಕ್ ಭಾಷೆ ಮಾತ್ರ ಇದರಲ್ಲಿ ಒಂದು ಬೈಟನ್ನೂ ತಿನ್ನುವುದಿಲ್ಲ, ಅದು ಪ್ರತ್ಯೇಕ 16 ಕಿಲೋಬೈಟಿನ ರೋಮ್ (ಓದಲಷ್ಟೇ ಬರುವ ಕಾಯಂ ಮೆಮೊರಿ) ಚಿಪ್ಪಿನಲ್ಲಿದೆ. ಬೇರೆ ಯಾವ ಭಾಷೆ ತಂದರೂ ಅದು ನಿಮ್ಮ ಪ್ರೋಗ್ರಾಮಿನ ಜಾಗದಲ್ಲೇ ಕೂರಬೇಕು. ಹೈಸಾಫ್ಟ್ ಪಾಸ್ಕಲ್ ತೆಗೆದುಕೊಂಡರೆ ಕಂಪೈಲರಿಗೆ (ನೀವು ಬರೆದದ್ದನ್ನು ಯಂತ್ರದ ಕೋಡಿಗೆ ತಿರುಗಿಸುವ ಪ್ರೋಗ್ರಾಂ) ಸುಮಾರು 12 ಕಿಲೋಬೈಟು, ಅದರ ಜೊತೆಗಾರ ರೊಟೀನುಗಳಿಗೆ ಸುಮಾರು 4 ಕಿಲೋಬೈಟು. ನೀವು ಬರೆದ ಪಠ್ಯ ಮತ್ತು ಅದರಿಂದ ಹುಟ್ಟುವ ಕೋಡ್ ಎರಡೂ ಉಳಿದದ್ದರಲ್ಲಿ ಹೊಂದಿಕೊಳ್ಳಬೇಕು.

ಜಾಗಕ್ಕಿಂತ ದೊಡ್ಡ ವಿಷಯ ಕ್ಯಾಸೆಟ್. ಬೇಸಿಕ್‌ನಲ್ಲಿ ತಪ್ಪಾದರೆ ಯಂತ್ರ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ, ತಿದ್ದಿ ಮುಂದುವರಿಯಬಹುದು. ಚಿಪ್ಪಿನ ಆಜ್ಞೆಗಳನ್ನೇ ನೇರ ಬರೆಯುವ ಅಸೆಂಬ್ಲಿಯಲ್ಲಿ ತಪ್ಪಾದರೆ ಮೆಮೊರಿಯೆಲ್ಲ ಅಳಿದು ಆರಂಭದ ತೆರೆ ಬರುತ್ತದೆ. ಬರೆದದ್ದನ್ನು ಚಿಪ್ಪು ನೇರ ಓದುವ ಮೆಷಿನ್ ಕೋಡಿಗೆ ತಿರುಗಿಸುವ ಅಸೆಂಬ್ಲರನ್ನೂ ನಿಮ್ಮ ಪಠ್ಯವನ್ನೂ ಕ್ಯಾಸೆಟ್ಟಿನಿಂದ ಮತ್ತೆ ತುಂಬಬೇಕು. 48 ಕಿಲೋಬೈಟ್ ತುಂಬಲು ಐದು ನಿಮಿಷ ಹಿಡಿಯುತ್ತದೆ. ಹೊಸಬರು ಒಂದು ಸಂಜೆಯಲ್ಲಿ ಹತ್ತು ತಪ್ಪು ಮಾಡಿದರೆ ಸಂಜೆಯೆಲ್ಲ ಅಲ್ಲಿಗೇ ಸರಿಹೋಯಿತು. ಈ ಕಾರಣಕ್ಕೆ ನಮ್ಮ ಸಲಹೆ ಬೇಸಿಕ್. ವೇಗ ಸಾಲದ ಕಡೆಗೆ ಮಾತ್ರ ಚಿಕ್ಕ ಚಿಕ್ಕ ಮೆಷಿನ್ ಕೋಡ್ ತುಂಡುಗಳನ್ನು ಬೇಸಿಕ್ ಒಳಗಿಂದಲೇ ಕರೆಯಿರಿ. ಪಾಸ್ಕಲ್ ಈಗಾಗಲೇ ಬರುವವರಿಗೆ ಪಾಸ್ಕಲ್ ಸರಿ. ಅದನ್ನು ಹೊಸದಾಗಿ ಕಲಿಯಲು ಈ ಯಂತ್ರ ತಕ್ಕ ಜಾಗವಲ್ಲ.

ಕೈ ಕೆಡುವ ಮಾತಿನಲ್ಲಿ ಅರ್ಧ ಸತ್ಯವಿದೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಬೇಸಿಕ್ ರೂಪಿಸಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದು. ಆ ಸುಲಭತನ ಇಲ್ಲಿಯೂ ಇದೆ. ಕೆಡಿಸುವುದು ಬೇರೆ ಸಾಲಿಗೆ ಜಿಗಿಸುವ ಗೋಟು ಆಜ್ಞೆಯ ಅತಿಬಳಕೆ. ಕೆಲಸವನ್ನು ಮೊದಲು ಕಾಗದದ ಮೇಲೆ ಭಾಗ ಮಾಡಿ, ಒಂದೊಂದು ಭಾಗವನ್ನೂ ಗೋಸಬ್‌ನಿಂದ ಕರೆಯುವ ಉಪಪ್ರೋಗ್ರಾಂ ಮಾಡಿಕೊಂಡರೆ ಮುಂದೆ ಯಾವ ಭಾಷೆಗೆ ಹೋದರೂ ತೊಂದರೆಯಾಗದು.

ಪ್ರಶ್ನೆ: ಕ್ಯಾಸೆಟ್ ಪ್ಲೇಯರ್ ಇಲ್ಲ. ಮೊಬೈಲಿನಿಂದ ಸ್ಪೆಕ್ಟ್ರಮ್ಮಿಗೆ ಪ್ರೋಗ್ರಾಂ ತುಂಬಬಹುದೇ?
– ಓದುಗರು, ತುಮಕೂರು

ಉತ್ತರ: ಖಂಡಿತ. ಮೊಬೈಲಿನ ಹೆಡ್‌ಫೋನ್ ತೂತಿನಿಂದ ಯಂತ್ರದ ‘ಇಯರ್’ ತೂತಿಗೆ 3.5 ಮಿ.ಮೀ. ಮೊನೊ ಕೇಬಲ್ ಹಾಕಿ. ಧ್ವನಿ ಪೂರ್ತಿ ಏರಿಸಿ, ಈಕ್ವಲೈಸರ್ ಆಫ್ ಮಾಡಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ; ನಡುವೆ ಒಂದು ಮೆಸೇಜಿನ ‘ಟಿಂಗ್’ ಬಂದರೂ ಲೋಡ್ ಕೆಡುತ್ತದೆ. ಕಡತ ಸಂಕುಚಿತಗೊಳಿಸದ ವೇವ್ ರೂಪದಲ್ಲಿರಲಿ. ಜೆ ಕೀಲಿ ಒತ್ತಿದರೆ ಲೋಡ್ ಬರುತ್ತದೆ, ಸಿಂಬಲ್ ಶಿಫ್ಟ್ ಹಿಡಿದು ಪಿ ಕೀಲಿಯನ್ನು ಎರಡು ಸಲ ಒತ್ತಿ, ಆಮೇಲೆ ಎಂಟರ್. ತೆರೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ದಪ್ಪ ಪಟ್ಟೆಗಳು, ನಂತರ ನೀಲಿ ಮತ್ತು ಹಳದಿ ಸಣ್ಣ ಗೆರೆಗಳು ಓಡಬೇಕು. ದಪ್ಪ ಪಟ್ಟೆಯೇ ಬಾರದಿದ್ದರೆ ಧ್ವನಿ ಸಾಲದು. ಸಣ್ಣ ಗೆರೆ ಬಂದು ನಡುವೆ ‘ಟೇಪ್ ಲೋಡಿಂಗ್ ಎರರ್’ ಎಂದರೆ ಧ್ವನಿ ಒಡೆಯುತ್ತಿದೆ, ಸ್ವಲ್ಪ ಇಳಿಸಿ. ಸ್ಟೀರಿಯೊ ಪ್ಲಗ್ಗು ಮೊನೊ ತೂತಿಗೆ ಹೋದಾಗ ಒಂದು ಚಾನೆಲ್ ನೆಲಕ್ಕೆ ಜೋಡಿಸಿಕೊಳ್ಳುತ್ತದೆ. ಹಲವು ಮೊಬೈಲುಗಳಲ್ಲಿ ಇದರಿಂದಲೇ ಸದ್ದು ಕುಗ್ಗುವುದು.

ಪ್ರೋಗ್ರಾಂ ಉಳಿಸುವಾಗ ‘ಮೈಕ್’ ತೂತಿನ ಕೇಬಲ್ ಮಾತ್ರ ಇರಲಿ, ‘ಇಯರ್’ ಕೇಬಲ್ ಕಿತ್ತಿಡಿ. ಉಳಿಸಿದ ಮೇಲೆ ‘ವೆರಿಫೈ’ ಕೊಟ್ಟು ನೋಡದೆ ಯಂತ್ರ ಆರಿಸಬೇಡಿ.

ಪ್ರಶ್ನೆ: ನನ್ನ ಬೇಸಿಕ್ ಆಟ ಆಮೆಯ ಹಾಗೆ ತೆವಳುತ್ತದೆ. ಭಾಷೆ ಬದಲಿಸದೆ ವೇಗ ಹೆಚ್ಚಿಸಬಹುದೇ?
– ಓದುಗರು, ಮೈಸೂರು

ಉತ್ತರ: ಯಾವ ಯಂತ್ರ ಎಂದು ಬರೆದಿಲ್ಲ, ಹಾಗಾಗಿ ಮೂರಕ್ಕೂ ಹೇಳುತ್ತೇವೆ. ನಿಧಾನದ ಕಾರಣ ಒಂದೊಂದರಲ್ಲಿ ಒಂದೊಂದು.

ಸ್ಪೆಕ್ಟ್ರಂ ಮೂರರಲ್ಲೂ ನಿಧಾನ. 1ರಿಂದ 1000ದವರೆಗೆ ಏನೂ ಮಾಡದೆ ಎಣಿಸುವ ಫಾರ್-ನೆಕ್ಸ್ಟ್ ಸುತ್ತಿಗೆ ಅದಕ್ಕೆ 4 ಸೆಕೆಂಡಿಗಿಂತ ಹೆಚ್ಚು ಬೇಕು. ಬಿಬಿಸಿ ಅದನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಕಾರಣ ಇಷ್ಟು: ಸ್ಪೆಕ್ಟ್ರಂ ಗೋಟು, ಗೋಸಬ್, ನೆಕ್ಸ್ಟ್ ಬಂದಾಗಲೆಲ್ಲ ಪ್ರೋಗ್ರಾಮಿನ ಮೊದಲ ಸಾಲಿನಿಂದ ಒಂದೊಂದೇ ಸಾಲು ದಾಟಿ ಹುಡುಕುತ್ತದೆ. ಆದ್ದರಿಂದ ಮತ್ತೆ ಮತ್ತೆ ಕರೆಯುವ ಉಪಪ್ರೋಗ್ರಾಮುಗಳನ್ನು 10, 20, 30ನೇ ಸಾಲುಗಳಲ್ಲೇ ಇಡಿ. ಆಟದ ವಿವರಣೆ, ಅಂಕಪಟ್ಟಿ, ಆರಂಭದ ಸಿದ್ಧತೆ ಇವೆಲ್ಲ 9000ದ ಆಚೆ ಹೋಗಲಿ. ಮೊದಲ ಸಾಲಿನಲ್ಲಿ ಅಲ್ಲಿಗೆ ಒಮ್ಮೆ ಜಿಗಿದರೆ ಸಾಕು. ವೇರಿಯಬಲ್ಲುಗಳನ್ನೂ (ಬೆಲೆ ಇಡುವ ಹೆಸರುಗಳು) ಸ್ಪೆಕ್ಟ್ರಂ ಅವು ಹುಟ್ಟಿದ ಕ್ರಮದಲ್ಲೇ ಹುಡುಕುತ್ತದೆ. ಚೆಂಡಿನ ಜಾಗ, ಆಟಗಾರನ ಜಾಗ ಇಂಥವನ್ನು ಎಲ್ಲಕ್ಕಿಂತ ಮೊದಲು ಹುಟ್ಟಿಸಿ.

ಹಳೆಯ ಪಟ್ಟಿಗಳಲ್ಲಿ 500 ಎಂದು ನೇರವಾಗಿ ಬರೆಯದೆ ವ್ಯಾಲ್ "500" ಎಂದು ಬರೆದಿರುವುದನ್ನು ನೋಡಿರಬಹುದು. ಸ್ಪೆಕ್ಟ್ರಂ ಪ್ರತಿ ಸಂಖ್ಯೆಯ ಅಂಕಿಗಳ ಹಿಂದೆ ಒಂದು ಗುರುತು ಮತ್ತು 5 ಬೈಟಿನ ದ್ವಿಮಾನ ರೂಪ ಸೇರಿಸಿ ಇಡುತ್ತದೆ. ಹೀಗೆ 500ಕ್ಕೆ 9 ಬೈಟು ಬೇಕು, ವ್ಯಾಲ್ ಮತ್ತು ಎರಡು ಉದ್ಧರಣ ಚಿಹ್ನೆ ಹಾಕಿದರೆ 6 ಸಾಕು. ಸಂಖ್ಯೆಗೆ 3 ಬೈಟು ಉಳಿತಾಯ, ಆದರೆ ಪ್ರತಿ ಸಲವೂ ಅಕ್ಷರಗಳನ್ನು ಸಂಖ್ಯೆ ಮಾಡುವ ಕೆಲಸ ಹೆಚ್ಚು. ಮೆಮೊರಿ ಮುಗಿದವರಿಗೆ ಇದು ಉಪಾಯ, ವೇಗ ಬೇಕಾದವರಿಗೆ ಅಪಾಯ. ಸುತ್ತಿನ ಒಳಗೆ ಇದನ್ನು ಬಳಸಲೇಬೇಡಿ.

ಕಮೊಡೋರಿನಲ್ಲಿ ಗೋಟು ಅಷ್ಟು ಮೊಂಡಲ್ಲ. ಹೋಗಬೇಕಾದ ಸಾಲಿನ ಸಂಖ್ಯೆಯನ್ನು 256ರಿಂದ ಭಾಗಿಸಿದಾಗ ಬರುವ ಭಾಗಲಬ್ಧ ಈಗಿನ ಸಾಲಿನದಕ್ಕಿಂತ ದೊಡ್ಡದಿದ್ದರೆ ಇದ್ದಲ್ಲಿಂದ ಮುಂದಕ್ಕೆ ಹುಡುಕುತ್ತದೆ, ಇಲ್ಲವಾದರೆ ಮೊದಲಿನಿಂದ. ನೆಕ್ಸ್ಟ್ ಮಾತ್ರ ನೆನಪಿಟ್ಟ ವಿಳಾಸಕ್ಕೆ ನೇರ ಹೋಗುತ್ತದೆ, ಆದ್ದರಿಂದ ಗೋಟು ಸುತ್ತಿಗಿಂತ ಫಾರ್ ಸುತ್ತು ಒಳ್ಳೆಯದು. ಇಲ್ಲೊಂದು ಮೋಸವಿದೆ: ಹೆಸರಿನ ಕೊನೆಗೆ % ಹಾಕಿದರೆ ಪೂರ್ಣಾಂಕ, ಹಾಗಾಗಿ ವೇಗ ಹೆಚ್ಚು ಎಂದು ಅನಿಸುತ್ತದೆ. ಕಮೊಡೋರ್ ಬೇಸಿಕ್ ಅದನ್ನು ಪ್ರತಿ ಸಲ ದಶಾಂಶ ರೂಪಕ್ಕೆ ತಿರುಗಿಸಿಯೇ ಲೆಕ್ಕ ಮಾಡುವುದರಿಂದ ಇನ್ನೂ ನಿಧಾನವಾಗುತ್ತದೆ. ದೊಡ್ಡ ಅರೇಗಳಲ್ಲಿ, ಅಂದರೆ ಬೆಲೆಗಳ ಪಟ್ಟಿಗಳಲ್ಲಿ, ಜಾಗ ಉಳಿಸಲಷ್ಟೇ % ಉಪಯುಕ್ತ. ಬಿಬಿಸಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ % ನಿಜವಾದ 32 ಬಿಟ್ ಪೂರ್ಣಾಂಕ, ಅದರಲ್ಲೂ ಎ%ಯಿಂದ ಝಡ್%ವರೆಗಿನ 26 ಹೆಸರುಗಳಿಗೆ ಮೆಮೊರಿಯಲ್ಲಿ ಕಾಯಂ ಜಾಗವಿರುವುದರಿಂದ ಹುಡುಕಾಟವೇ ಇಲ್ಲ. ಸುತ್ತುಗಳಿಗೆ ಅವನ್ನೇ ಬಳಸಿ.

ಪ್ರಶ್ನೆ: ಕಮೊಡೋರ್ 64ರಲ್ಲಿ ‘ಓಎನ್‌ಡಿಯು’ ಎಂಬ ನಾಲ್ಕಕ್ಷರದ ವೇರಿಯಬಲ್ ಹೆಸರು ಕೊಟ್ಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ‘ಅಣ್ಣ’ನಿಗೆ ಕೊಟ್ಟ ಬೆಲೆ ‘ಅಂಕ’ಕ್ಕೂ ಹೋಗಿ ಕೂರುತ್ತದೆ. ಉಳಿದ ಮೆಮೊರಿ ಕೇಳಿದರೆ ಮೈನಸ್ 26627 ಎನ್ನುತ್ತದೆ. ಯಂತ್ರ ಕೆಟ್ಟಿದೆಯೇ?
– ಓದುಗರು, ಮಂಗಳೂರು

ಉತ್ತರ: ಯಂತ್ರ ಗಟ್ಟಿಯಾಗಿದೆ. ಮೂರೂ ಆ ಬೇಸಿಕ್‌ನ ಸ್ವಭಾವ.

ಕಮೊಡೋರ್ ಬೇಸಿಕ್ ನೀವು ಒತ್ತಿದ ಸಾಲಿನಲ್ಲಿ ಎಲ್ಲೇ ಆಜ್ಞೆಯ ಅಕ್ಷರಗಳು ಕಂಡರೂ ಅದನ್ನು ಆಜ್ಞೆಯೆಂದೇ ತಿಳಿಯುತ್ತದೆ. ‘ಒಂದು’ ಎಂಬುದರ ಮೊದಲ ಎರಡು ಇಂಗ್ಲಿಷ್ ಅಕ್ಷರ ‘ಆನ್’ ಆಜ್ಞೆ. ‘ತೋಟ’ದಲ್ಲಿ ‘ಟು’ ಇದೆ, ‘ಹಂದಿ’ಯಲ್ಲಿ ‘ಆಂಡ್’ ಇದೆ, ಇಂಗ್ಲಿಷಿನ ‘ಸ್ಕೋರ್’ ಒಳಗೂ ‘ಆರ್’ ಅಡಗಿದೆ. ಎರಡನೆಯದು, ಹೆಸರು ಎಷ್ಟೇ ಉದ್ದವಿರಲಿ ಮೊದಲ ಎರಡಕ್ಷರ ಮಾತ್ರ ಲೆಕ್ಕಕ್ಕೆ. ಅಣ್ಣ, ಅಂಕ ಎರಡೂ ಎ-ಎನ್ ಎಂದೇ ಶುರುವಾಗುವುದರಿಂದ ಅವು ಒಂದೇ ವೇರಿಯಬಲ್. ಎಸ್‌ಟಿ, ಟಿಐ ಎಂಬ ಜೋಡಿಗಳನ್ನು ಯಂತ್ರ ತನಗೇ ಇಟ್ಟುಕೊಂಡಿದೆ, ಅವನ್ನೂ ಬಿಡಿ. ಎರಡಕ್ಷರದ ಹೆಸರುಗಳನ್ನೇ ಕೊಟ್ಟು, ಯಾವುದು ಏನೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ. ಸ್ಪೆಕ್ಟ್ರಮ್ಮಿನಲ್ಲಿ ಆಜ್ಞೆಗಳು ಒಂದೊಂದು ಕೀಲಿಯಿಂದ ಇಡಿಯಾಗಿ ಬರುವುದರಿಂದ ಈ ಗೊಂದಲ ಹುಟ್ಟುವುದಿಲ್ಲ. ಬಿಬಿಸಿಯಲ್ಲಿ ಹೆಸರನ್ನು ಸಣ್ಣಕ್ಷರದಲ್ಲಿ ಬರೆದರೆ ಸಾಕು.

ಮೆಮೊರಿಯ ಲೆಕ್ಕ ಹೀಗೆ: ಉತ್ತರ ಹೇಳುವ ಫಂಕ್ಷನ್ನಿಗೆ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಅದು ಮೈನಸ್ಸಿಗೆ ತಿರುಗುತ್ತದೆ. 65536 ಕೂಡಿಸಿ, 38909 ಬರುತ್ತದೆ. ತೆರೆಯ ಮೇಲೆ ಆರಂಭದಲ್ಲಿ ತೋರುವ 38911ಕ್ಕಿಂತ ಎರಡು ಕಡಿಮೆ, ಏಕೆಂದರೆ ಖಾಲಿ ಪ್ರೋಗ್ರಾಮಿಗೂ ಕೊನೆಯ ಗುರುತಾಗಿ ಎರಡು ಬೈಟು ಬೇಕು.

ನೀವು ಕೇಳದಿದ್ದರೂ ಒಂದು ಮಾತು. ಈ ಮೂರು ಯಂತ್ರಗಳಲ್ಲಿ ಚಿತ್ರ ಮತ್ತು ಸಂಗೀತಕ್ಕೆ ಅತ್ಯುತ್ತಮ ಚಿಪ್ಪುಗಳು ಕಮೊಡೋರಿನವು, ಅವನ್ನು ಮುಟ್ಟಲು ಅತ್ಯಂತ ಬಡ ಬೇಸಿಕ್ ಕೂಡ ಅದರದೇ. ಗೆರೆ ಎಳೆಯಲು, ಸ್ವರ ಹೊರಡಿಸಲು ಒಂದು ಆಜ್ಞೆಯೂ ಇಲ್ಲ. ಅಂಚಿನ ಬಣ್ಣಕ್ಕೆ 53280, ಹಿನ್ನೆಲೆಗೆ 53281, ಸ್ಪ್ರೈಟುಗಳಿಗೆ (ತೆರೆಯ ಮೇಲೆ ಓಡಾಡುವ ಚಿಕ್ಕ ಚಿತ್ರಗಳು) 53248ರಿಂದ, ಧ್ವನಿಗೆ 54272ರಿಂದ ಶುರುವಾಗುವ ವಿಳಾಸಗಳಿಗೆ ಪೋಕ್ ಮಾಡುತ್ತಲೇ, ಅಂದರೆ ನೇರ ಬೆಲೆ ಬರೆಯುತ್ತಲೇ ಇರಬೇಕು. ಸೈಮನ್ಸ್ ಬೇಸಿಕ್ ಎಂಬ ಕಾರ್ಟ್ರಿಜ್ 114 ಹೊಸ ಆಜ್ಞೆ ಕೊಡುತ್ತದೆ, ಪ್ರತಿಯಾಗಿ 8 ಕಿಲೋಬೈಟು ತೆಗೆದುಕೊಳ್ಳುತ್ತದೆ. ಪೋಕ್ ಮಾಡುವುದನ್ನೇ ಅಷ್ಟು ಕಲಿತ ಮೇಲೆ ಅಸೆಂಬ್ಲಿಗೆ ಒಂದೇ ಹೆಜ್ಜೆ. 49152ರಿಂದ 53247ರವರೆಗಿನ 4 ಕಿಲೋಬೈಟನ್ನು ಬೇಸಿಕ್ ಮುಟ್ಟುವುದೇ ಇಲ್ಲ. ಅಲ್ಲಿ 238, 32, 208, 76, 0, 192 ಎಂಬ ಆರು ಬೈಟು ಇಟ್ಟು ‘ಸಿಸ್ 49152’ ಕೊಡಿ. ಅಂಚಿನ ಬಣ್ಣವನ್ನು ಒಂದು ಏರಿಸು, ಮತ್ತೆ ಮೊದಲಿಗೆ ಹೋಗು, ಇಷ್ಟೇ ಇದರ ಅರ್ಥ. ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಬಣ್ಣ ಬದಲಾಗಿ ಅಂಚು ತುಂಬ ಪಟ್ಟೆಗಳು ಓಡುತ್ತವೆ. ನಿಲ್ಲಿಸಲು ರನ್-ಸ್ಟಾಪ್ ಹಿಡಿದು ರಿಸ್ಟೋರ್ ಕೀಲಿಯನ್ನು ಗಟ್ಟಿಯಾಗಿ ಒತ್ತಿ. ಕಮೊಡೋರ್ ಉಳ್ಳವರು ಬೇಸಿಕ್‌ನಲ್ಲಿ ಹೆಚ್ಚು ದಿನ ನಿಲ್ಲಬೇಕಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಸ್ಪೆಕ್ಟ್ರಮ್ಮಿನಲ್ಲಿ ಅಸೆಂಬ್ಲರ್ ಇಲ್ಲದೆಯೇ ಮೆಷಿನ್ ಕೋಡ್ ಪ್ರಯತ್ನಿಸಬಹುದೇ? ಮೊದಲ ಪಾಠಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಕೊಡಿ.
– ಓದುಗರು, ಬೆಂಗಳೂರು

ಉತ್ತರ: ತೆರೆಯ ಎಲ್ಲ ಚುಕ್ಕೆಗಳನ್ನೂ ತುಂಬುವ 14 ಬೈಟಿನ ಪ್ರೋಗ್ರಾಂ ಇದು.

10 ಕ್ಲಿಯರ್ 59999
20 ಫಾರ್ ಎನ್=0 ಟು 13
30 ರೀಡ್ ಎ: ಪೋಕ್ 60000+ಎನ್, ಎ
40 ನೆಕ್ಸ್ಟ್ ಎನ್
50 ರ‍್ಯಾಂಡಮೈಸ್ ಯುಎಸ್‌ಆರ್ 60000
60 ಡೇಟಾ 33,0,64,17,1,64,1,255,23,54,255,237,176,201

33, 0, 64 ಎಂದರೆ ಎಚ್‌ಎಲ್ ರಿಜಿಸ್ಟರ್ ಜೋಡಿಯಲ್ಲಿ (ಚಿಪ್ಪಿನೊಳಗಿನ ಎರಡು ಬೈಟಿನ ಜಾಗ) 16384 ಇಡು. ಚಿಕ್ಕ ಬೈಟು ಮೊದಲು, ದೊಡ್ಡ ಬೈಟು ಆಮೇಲೆ, 64ನ್ನು 256ರಿಂದ ಗುಣಿಸಿದರೆ 16384. 17, 1, 64 ಎಂದರೆ ಡಿಇ ಜೋಡಿಯಲ್ಲಿ ಅದರ ಪಕ್ಕದ 16385. 1, 255, 23 ಎಂದರೆ ಬಿಸಿ ಜೋಡಿಯಲ್ಲಿ 6143 ಎಂಬ ಎಣಿಕೆ. 54, 255 ಮೊದಲ ಬೈಟಿನ ಎಂಟೂ ಚುಕ್ಕೆ ತುಂಬುತ್ತದೆ. 237, 176 ಒಂದೇ ಆಜ್ಞೆ: ಎಚ್‌ಎಲ್ ತೋರಿದ ಬೈಟನ್ನು ಡಿಇ ತೋರಿದ ಜಾಗಕ್ಕೆ ನಕಲು ಮಾಡು, ಎರಡನ್ನೂ ಒಂದು ಮುಂದಕ್ಕೆ ಸರಿಸು, ಎಣಿಕೆ ಸೊನ್ನೆಯಾಗುವ ತನಕ ಬಿಡಬೇಡ. ಮೊದಲ ಬೈಟು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೀಗೆ 255 ತೆರೆಯ ಕೊನೆಯವರೆಗೂ ಹರಡುತ್ತದೆ. 201 ಬೇಸಿಕ್‌ಗೆ ಹಿಂತಿರುಗು ಎನ್ನುತ್ತದೆ.

ಒಂದು ಬೈಟಿನ ನಕಲಿಗೆ 21 ಗಡಿಯಾರದ ಬಡಿತ. ಸೆಕೆಂಡಿಗೆ 35 ಲಕ್ಷ ಬಡಿತದ ಝಡ್80 ಚಿಪ್ಪಿಗೆ ಇಡೀ ತೆರೆ ತುಂಬಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಸಾಕು. ಅದೇ ಕೆಲಸ ಬೇಸಿಕ್ ಸುತ್ತಿನಲ್ಲಿ ಪೋಕ್ ಮಾಡುತ್ತ ಹೋದರೆ ಅರ್ಧ ನಿಮಿಷ ಮೀರುತ್ತದೆ. ಎರಡನ್ನೂ ಮಾಡಿ ನೋಡಿ, ಮುಂದಿನ ಪಾಠಕ್ಕೆ ಹುರುಪು ತಾನಾಗಿ ಬರುತ್ತದೆ.

ಕೆಡುವುದು ಎಲ್ಲಿ? 201 ಮರೆತರೆ ಚಿಪ್ಪು ಮುಂದಿನ ಕಸವನ್ನೂ ಆಜ್ಞೆಯೆಂದು ಓದುತ್ತ ಹೋಗಿ ಯಂತ್ರ ನಿಂತುಬಿಡುತ್ತದೆ ಇಲ್ಲವೇ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಓಡಿಸುವ ಮುಂಚೆ ಕ್ಯಾಸೆಟ್ಟಿಗೋ ಮೊಬೈಲಿಗೋ ಉಳಿಸಿ. ಮೊದಲ ಸಾಲಿನ ಕ್ಲಿಯರ್ ಬಿಟ್ಟರೆ ಬೇಸಿಕ್ ಬೆಳೆಯುತ್ತ ಬಂದು ನಿಮ್ಮ ಕೋಡಿನ ಮೇಲೆ ಕೂರಬಹುದು. ಕೋಡನ್ನು 32768ರಿಂದ ಮೇಲೆಯೇ ಇಡಿ. ಅದರ ಕೆಳಗಿನ ಮೆಮೊರಿಯನ್ನು ತೆರೆ ಬಿಡಿಸುವ ಚಿಪ್ಪೂ ಬಳಸುವುದರಿಂದ ಅಲ್ಲಿ ಝಡ್80 ಕಾಯಬೇಕಾಗುತ್ತದೆ. ಮುಂದೆ ದೊಡ್ಡ ಪ್ರೋಗ್ರಾಂ ಬರೆಯುವಾಗ ಐವೈ ರಿಜಿಸ್ಟರಿನಲ್ಲಿ 23610 ಇದ್ದೇ ಇರಬೇಕು ಎಂಬುದು ನೆನಪಿರಲಿ. ಕೀಲಿಗಳನ್ನು ನೋಡಿಕೊಳ್ಳುವ ರೋಮಿನ ಭಾಗ ಸೆಕೆಂಡಿಗೆ 50 ಸಲ ಅದನ್ನು ನಂಬಿ ಕೆಲಸ ಮಾಡುತ್ತದೆ. ಪರ್ಯಾಯ ಎಚ್‌ಎಲ್ ಜೋಡಿಯನ್ನು ಬಳಸಿದರೆ ಬೇಸಿಕ್‌ಗೆ ಮರಳುವ ಮುಂಚೆ ಇದ್ದ ಬೆಲೆಯನ್ನೇ ವಾಪಸ್ ಇಡಿ.

ಪ್ರಶ್ನೆ: ಶಾಲೆಯೊಂದು ವಿಲೇವಾರಿ ಮಾಡಿದ ಬಿಬಿಸಿ ಮೈಕ್ರೋ ಮಾಡೆಲ್ ಬಿ ಮತ್ತು ಡಿಸ್ಕ್ ಡ್ರೈವ್ ನನಗೆ ಬಂದಿದೆ. ಇದಕ್ಕೆ ಬೇಸಿಕ್ ಬಿಟ್ಟು ಬೇರೆ ಭಾಷೆ ಹುಡುಕಬೇಕೇ?
– ಓದುಗರು, ಧಾರವಾಡ

ಉತ್ತರ: ಬೇಡ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ, ಕಲಿಸಲು ಇದಕ್ಕಿಂತ ಒಳ್ಳೆಯ ಬೇಸಿಕ್ ಆ ಕಾಲದ ಮನೆ ಕಂಪ್ಯೂಟರುಗಳಲ್ಲಿ ಇರಲಿಲ್ಲ. ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಬರೆದ ಈ ಭಾಷೆಯಲ್ಲಿ ಹೆಸರಿಟ್ಟು ಕರೆಯುವ ಪ್ರೊಸೀಜರ್‌ಗಳಿವೆ, ಅವುಗಳೊಳಗೆ ಮಾತ್ರ ಬದುಕುವ ಲೋಕಲ್ ವೇರಿಯಬಲ್ಲುಗಳಿವೆ, ರಿಪೀಟ್-ಅಂಟಿಲ್ ಇದೆ. ಗೋಟು ಇಲ್ಲದೆಯೇ ಇಡೀ ಪ್ರೋಗ್ರಾಂ ಬರೆಯಬಹುದು. ಪಾಸ್ಕಲ್ ಕಲಿಸುವ ಶಿಸ್ತಿನ ಬಹುಭಾಗ ಇಲ್ಲೇ ಸಿಗುತ್ತದೆ.

ಅಸೆಂಬ್ಲರ್ ಕೂಡ ಒಳಗೇ ಇದೆ. ‘ಡಿಮ್ ಕೋಡ್% 100’ ಎಂದರೆ 101 ಬೈಟು ಜಾಗ ಸಿಗುತ್ತದೆ. ಪಿ%ಗೆ ಆ ವಿಳಾಸ ಕೊಟ್ಟು, ಚೌಕ ಕಂಸದೊಳಗೆ ಯಂತ್ರದ 6502 ಚಿಪ್ಪಿನ ಆಜ್ಞೆಗಳನ್ನು ಬರೆದು, ಕೊನೆಗೆ ‘ಕಾಲ್ ಕೋಡ್%’ ಕೊಡಿ. ಮುಂದೆ ಬರಲಿರುವ ಗುರುತಿಗೆ ಜಿಗಿಯುವ ಆಜ್ಞೆ ಇದ್ದರೆ ಮೊದಲ ಓದಿನಲ್ಲಿ ಆ ಗುರುತು ಎಲ್ಲಿದೆಯೆಂದು ಅಸೆಂಬ್ಲರಿಗೆ ತಿಳಿದಿರುವುದಿಲ್ಲ. ಅದಕ್ಕೆ ಇಡೀ ಕಂಸವನ್ನು 0ಯಿಂದ 2ರವರೆಗೆ ಎರಡೆರಡಾಗಿ ಎಣಿಸುವ ಫಾರ್ ಸುತ್ತಿನೊಳಗೆ ಇಟ್ಟು, ಆ ಸಂಖ್ಯೆಯನ್ನು ‘ಆಪ್ಟ್’ಗೆ ಕೊಡಬೇಕು. ಪಿ%ಗೆ ವಿಳಾಸ ಕೊಡುವ ಸಾಲು ಸುತ್ತಿನ ಒಳಗೇ ಇರಲಿ. ಹೊರಗಿಟ್ಟರೆ ಎರಡನೆಯ ಓದಿನ ಕೋಡು ಮೊದಲನೆಯದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಈ ಯಂತ್ರದ ಕೊರತೆ ಜಾಗ. 32 ಕಿಲೋಬೈಟಿನಲ್ಲಿ ತೆರೆಯೂ ಸೇರಿದೆ. ತೆರೆಯ ಬಗೆಗಳಿಗೆ ಇಲ್ಲಿ ಮೋಡ್ ಎಂದು ಹೆಸರು: ಮೋಡ್ 7ಕ್ಕೆ 1 ಕಿಲೋಬೈಟು ಸಾಕು, ಮೋಡ್ 0, 1, 2ಕ್ಕೆ 20 ಕಿಲೋಬೈಟು ಬೇಕು. ಡಿಸ್ಕ್ ಜೋಡಿಸಿದ ಯಂತ್ರದಲ್ಲಿ ಪ್ರೋಗ್ರಾಂ 3584ರ ಬದಲು 6400ರಿಂದ ಶುರುವಾಗುತ್ತದೆ. ಹಾಗಾಗಿ ಮೋಡ್ 7ರಲ್ಲಿ ನಿಮಗೆ 25,344 ಬೈಟು ಸಿಕ್ಕರೆ ಮೋಡ್ 2ರಲ್ಲಿ ಬರೀ 5888. ಡಿಸ್ಕ್ ಇಲ್ಲದಿದ್ದರೆ ಅವೇ ಸಂಖ್ಯೆಗಳು 28,160 ಮತ್ತು 8704. ‘ಬ್ಯಾಡ್ ಮೋಡ್’ ಎಂದರೆ ಜಾಗ ಸಾಲದು, ಇಲ್ಲವೇ ಪ್ರೊಸೀಜರ್ ಒಳಗಿಂದ ಮೋಡ್ ಬದಲಿಸಲು ಹೋಗಿದ್ದೀರಿ. ಮೋಡ್ ಬದಲಾವಣೆಯನ್ನು ಮುಖ್ಯ ಭಾಗದಲ್ಲೇ ಮಾಡಿ. ಇನ್ನೊಂದು ಎಚ್ಚರಿಕೆ: ಈ ಯಂತ್ರದ ಪವರ್ ಸಪ್ಲೈಯಲ್ಲಿ ಮೇನ್ಸ್ ಫಿಲ್ಟರ್ ಕೆಪಾಸಿಟರುಗಳು ವಯಸ್ಸಾಗಿ ಬಿರುಕು ಬಿಟ್ಟಿರುತ್ತವೆ, ತೇವ ಹೀರಿ ಹೊಗೆ ಬಿಡುತ್ತವೆ. ಚಾಲೂ ಮಾಡುವ ಮುಂಚೆ ಬಲ್ಲ ಮೆಕ್ಯಾನಿಕ್ಕಿನ ಕೈಯಲ್ಲಿ ಎಕ್ಸ್2 ದರ್ಜೆಯ ಹೊಸವನ್ನು ಹಾಕಿಸಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಲೋಗೊ ಕಲಿಸಬೇಕೆಂದಿದೆ, ನನಗೆ ಫೋರ್ತ್ ಮೇಲೆ ಕಣ್ಣು. ಸಿ ಭಾಷೆ ಈಗಾಗಲೇ ಬರುತ್ತದೆ. ಇವು ಹಳೆಯ ಯಂತ್ರಗಳಿಗೆ ಹೊಂದುತ್ತವೆಯೇ?
– ಓದುಗರು, ದಾವಣಗೆರೆ

ಉತ್ತರ: ಲೋಗೊ ಮಗುವಿಗೆ ಸರಿಯಾದ ಆಯ್ಕೆ. ‘ರಿಪೀಟ್ 4’ ಎಂದು ಹೇಳಿ ಚೌಕ ಕಂಸದಲ್ಲಿ ‘ಫಾರ್ವರ್ಡ್ 50 ರೈಟ್ 90’ ಕೊಟ್ಟರೆ ತೆರೆಯ ಮೇಲಿನ ‘ಆಮೆ’ ಗುರುತು ಚೌಕ ಬಿಡಿಸುತ್ತದೆ. 90ರ ಬದಲು 120 ಹಾಕಿ ಮೂರು ಸಲ ಮಾಡಿಸಿದರೆ ತ್ರಿಕೋನ. ಕೋನದ ಪಾಠ ಕೈಗೆ ಸಿಗುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಅದನ್ನು ಪ್ರತಿ ಸಲ ಕ್ಯಾಸೆಟ್ಟಿನಿಂದ ತುಂಬುವ ಹೊತ್ತಿಗೆ ಮಗು ಎದ್ದು ಹೋಗಿರುತ್ತದೆ; ಬಿಬಿಸಿಗೆ ಲೋಗೊ ರೋಮ್ ಚಿಪ್ಪಾಗಿಯೇ ಬಂದಿತ್ತು, ಅದು ಸಿಕ್ಕರೆ ಬಿಡಬೇಡಿ.

ಫೋರ್ತ್ ಕನ್ನಡಿಗರ ಕಿವಿಗೆ ಒಗ್ಗುವ ಭಾಷೆ. 3 4 + ಎಂದು ಬರೆಯಬೇಕು, ಅಂದರೆ ‘ಮೂರನ್ನು ನಾಲ್ಕಕ್ಕೆ ಕೂಡು’ ಎಂಬ ನಮ್ಮ ವಾಕ್ಯದಂತೆ ಕ್ರಿಯಾಪದ ಕೊನೆಗೆ. ಸ್ಪೆಕ್ಟ್ರಂ ತಯಾರಿಯಲ್ಲಿದ್ದ ರಿಚರ್ಡ್ ಆಲ್ಟ್‌ವಾಸರ್ ಮತ್ತು ಸ್ಟೀವನ್ ವಿಕರ್ಸ್ 1982ರಲ್ಲಿ ಹೊರತಂದ ಜುಪಿಟರ್ ಏಸ್ ಯಂತ್ರದ ರೋಮಿನಲ್ಲಿ ಬೇಸಿಕ್ ಬದಲು ಫೋರ್ತನ್ನೇ ಇಟ್ಟರು. ಬೇಸಿಕ್‌ಗಿಂತ ಎಷ್ಟೋ ಪಟ್ಟು ವೇಗ, ಪ್ರೋಗ್ರಾಂ ಬಹಳ ಚಿಕ್ಕದು. ಬೆಲೆ ತೆರಬೇಕಾದದ್ದು ಎರಡು ಕಡೆ. ಮಾಮೂಲಿ ಸಂಖ್ಯೆಗಳು ಮೈನಸ್ 32768ರಿಂದ 32767ರವರೆಗಿನ ಪೂರ್ಣಾಂಕಗಳು. 32767ಕ್ಕೆ 1 ಕೂಡಿದರೆ ದೂರು ಹೇಳದೆ ಮೈನಸ್ 32768 ಕೊಡುತ್ತದೆ. ಇನ್ನು ಸ್ಟ್ಯಾಕಿನ (ಸಂಖ್ಯೆಗಳನ್ನು ಒಂದರ ಮೇಲೊಂದು ಇಡುವ ಜಾಗ) ಮೇಲೆ ಏನಿದೆಯೆಂದು ನೀವೇ ನೆನಪಿಡಬೇಕು. ಪ್ರತಿ ಪದದ ಪಕ್ಕ ‘ಒಳಗೆ ಏನು, ಹೊರಗೆ ಏನು’ ಎಂದು ಟಿಪ್ಪಣಿ ಬರೆಯದವರು ಮಾರನೆಯ ದಿನ ತಮ್ಮ ಪ್ರೋಗ್ರಾಮನ್ನೇ ಓದಲಾರರು.

ಸಿ ಭಾಷೆಯನ್ನು ಆ ಯಂತ್ರದ ಮೇಲೆ ಬರೆಯಬೇಡಿ. ಈಗಿನ ಲ್ಯಾಪ್‌ಟಾಪಿನಲ್ಲಿ ಬರೆದು ಕಂಪೈಲ್ ಮಾಡಿ ಹಳೆಯದಕ್ಕೆ ಕಳಿಸಿ: ಸ್ಪೆಕ್ಟ್ರಮ್ಮಿಗೆ ಝಡ್88ಡಿಕೆ, ಕಮೊಡೋರ್ ಮತ್ತು ಬೇರೆ 6502 ಯಂತ್ರಗಳಿಗೆ ಸಿಸಿ65. ಎರಡೂ ಉಚಿತ. 6502 ಚಿಪ್ಪಿನ ಸ್ಟ್ಯಾಕ್ ಬರೀ 256 ಬೈಟು, ಆದ್ದರಿಂದ ಸಿಸಿ65 ತನ್ನ ವೇರಿಯಬಲ್ಲುಗಳಿಗೆ ಬೇರೊಂದು ಸ್ಟ್ಯಾಕನ್ನು ಕೋಡಿನಲ್ಲೇ ಕಟ್ಟಿಕೊಳ್ಳುತ್ತದೆ, ಅದು ನಿಧಾನ. ಫಂಕ್ಷನ್ನಿನ ಒಳಗಿನ ವೇರಿಯಬಲ್ಲುಗಳನ್ನು ಸ್ಟ್ಯಾಟಿಕ್ ಮಾಡಿ, ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ಅನ್‌ಸೈನ್ಡ್ ಕ್ಯಾರ್ ಬಳಸಿ, ತನ್ನನ್ನೇ ಕರೆಯುವ ಫಂಕ್ಷನ್ ಬಿಡಿ. ಪ್ರಿಂಟ್‌ಎಫ್ ಒಂದನ್ನು ಬಳಸಿದರೂ ಅದರ ಹಿಂದೆ ಹಲವು ಕಿಲೋಬೈಟು ಬರುತ್ತದೆ. ಅಕ್ಷರ ಮೂಡಿಸುವ ಚಿಕ್ಕ ಫಂಕ್ಷನ್ ನೀವೇ ಬರೆದುಕೊಳ್ಳಿ.

ಪ್ರಶ್ನೆ: ಯಂತ್ರವೇ ಇಲ್ಲ, ಲ್ಯಾಪ್‌ಟಾಪ್ ಇದೆ. ಕಲಿಯಬಹುದೇ?
– ಓದುಗರು, ಕಾರವಾರ

ಉತ್ತರ: ಕಲಿಯಬಹುದು. ಸ್ಪೆಕ್ಟ್ರಮ್ಮಿಗೆ ಫ್ಯೂಸ್, ಕಮೊಡೋರಿಗೆ ವೈಸ್, ಬಿಬಿಸಿಗೆ ಬೀಬ್‌ಎಮ್ ಎಂಬ ಎಮ್ಯುಲೇಟರುಗಳಿವೆ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮುಗಳು. ಇವುಗಳಲ್ಲಿ ಯಂತ್ರದ ಸ್ಥಿತಿಯನ್ನು ಇದ್ದಂತೆಯೇ ಉಳಿಸಿ ಮರಳಿ ತರಬಹುದಾದ್ದರಿಂದ ಕ್ಯಾಸೆಟ್ಟಿನ ಐದು ನಿಮಿಷದ ಭಯವಿಲ್ಲ. ಹಾಗಾಗಿ ಎಮ್ಯುಲೇಟರಿನಲ್ಲಿ ಕಲಿಯುವವರು ಅಸೆಂಬ್ಲಿಯಿಂದಲೇ ಶುರು ಮಾಡಿದರೂ ನಮ್ಮ ಆಕ್ಷೇಪವಿಲ್ಲ.

ಪ್ರಶ್ನೆ: ಸ್ಪೆಕ್ಟ್ರಮ್ಮಿನ ತೆರೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದು ಹೇಗೆ? ಅದಕ್ಕೆ ಅಸೆಂಬ್ಲಿ ಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಸಿಕ್ ಸಾಕು. ನೀವೇ ಆಕಾರ ಕೊಡಬಹುದಾದ 21 ಅಕ್ಷರಗಳಿಗೆ ಯಂತ್ರ ಜಾಗ ಬಿಟ್ಟಿದೆ. ಪ್ರತಿ ಅಕ್ಷರ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಗೆರೆಕಾಗದದ ಮೇಲೆ 8×8 ಮನೆ ಎಳೆದು ಅಕ್ಷರ ಬಿಡಿಸಿ. ಎಡದಿಂದ ಮನೆಗಳ ಬೆಲೆ 128, 64, 32, 16, 8, 4, 2, 1. ತುಂಬಿದ ಮನೆಗಳ ಬೆಲೆ ಕೂಡಿದರೆ ಆ ಸಾಲಿನ ಬೈಟು. ‘ಠ’ ಅಕ್ಷರಕ್ಕೆ ನಾವು ಬಿಡಿಸಿದ್ದು ಹೀಗೆ:

10 ಫಾರ್ ಎನ್=0 ಟು 7
20 ರೀಡ್ ಎ: ಪೋಕ್ ಯುಎಸ್‌ಆರ್ "ಎ"+ಎನ್, ಎ
30 ನೆಕ್ಸ್ಟ್ ಎನ್
40 ಪ್ರಿಂಟ್ ಸಿಎಚ್‌ಆರ್$ 144
50 ಡೇಟಾ 2,124,60,66,90,90,66,60

ತಲೆಕಟ್ಟು ಎರಡು ಸಾಲು, ಉಳಿದ ಆರರಲ್ಲಿ ದುಂಡು ಮತ್ತು ನಡುವಿನ ಚುಕ್ಕೆ. ಗ, ರ, ಠ ಇಂಥವು ಎಂಟು ಚುಕ್ಕೆಯ ಅಗಲಕ್ಕೆ ಒಗ್ಗುತ್ತವೆ. ಮ, ಯ, ಘ, ಝ ಒಗ್ಗುವುದಿಲ್ಲ, ಅವಕ್ಕೆ ಅಕ್ಕಪಕ್ಕದ ಎರಡು ಮನೆ ಕೊಡಿ. ಒತ್ತಕ್ಷರವನ್ನು ಕೆಳಗಿನ ಸಾಲಿನಲ್ಲಿ ಪ್ರತ್ಯೇಕ ಆಕಾರವಾಗಿ ಇಡುವುದು ಸುಲಭ. ಪ್ರಿಂಟ್‌ಗೆ ಸಿಗುವ 22 ಸಾಲಿನಲ್ಲಿ ಹೀಗೆ 11 ಸಾಲು ಕನ್ನಡ ಹಿಡಿಯುತ್ತದೆ.

21 ಆಕಾರ ಬೇಗ ಮುಗಿಯುತ್ತವೆ. ಆಗ ಇಡೀ ಅಕ್ಷರಮಾಲೆಯನ್ನೇ ಬದಲಿಸಿ. ‘ಕ್ಲಿಯರ್ 59999’ ಕೊಟ್ಟು, 15616ರಿಂದ 768 ಬೈಟುಗಳನ್ನು ಪೀಕ್ ಮಾಡಿ (ಓದಿ) 60000ದಿಂದ ಮುಂದಕ್ಕೆ ಪೋಕ್ ಮಾಡಿ. ಮೇಲಿನ 14 ಬೈಟಿನ ಪ್ರೋಗ್ರಾಂ ಅಲ್ಲೇ ಇದ್ದರೆ ಅದನ್ನು 61000ಕ್ಕೆ ಹಾಕಿಕೊಳ್ಳಿ, ತನ್ನ ಸ್ವಂತ ವಿಳಾಸ ಅದರಲ್ಲಿ ಎಲ್ಲೂ ಇಲ್ಲದಿರುವುದರಿಂದ ಎಲ್ಲಿಟ್ಟರೂ ಓಡುತ್ತದೆ. ಆಮೇಲೆ ಪೋಕ್ 23606, 96 ಮತ್ತು ಪೋಕ್ 23607, 233 ಎರಡನ್ನೂ ಒಂದೇ ಸಾಲಿನಲ್ಲಿ ಕೋಲನ್ ಹಾಕಿ ಕೊಡಿ. ಬೇರೆ ಬೇರೆ ಕೊಟ್ಟರೆ ನಡುವೆ ತೆರೆಯ ಅಕ್ಷರಗಳು ಕಸವಾಗಿ ಕಾಣುತ್ತವೆ. ಇಂಗ್ಲಿಷಿನ ಸಣ್ಣಕ್ಷರ ‘ಎ’ ಈಗ 60520ರಲ್ಲಿದೆ, ಮುಂದಿನವು ಎಂಟೆಂಟು ಬೈಟಿಗೆ ಒಂದು. ಈ 26 ಸಣ್ಣಕ್ಷರಗಳ ಜಾಗದಲ್ಲೇ ಕನ್ನಡ ಇಡಿ, ದೊಡ್ಡಕ್ಷರ ಮತ್ತು ಅಂಕಿ ಮುಟ್ಟಬೇಡಿ. ಬೇಸಿಕ್ ಆಜ್ಞೆಗಳೆಲ್ಲ ದೊಡ್ಡಕ್ಷರದಲ್ಲಿರುವುದರಿಂದ ಪ್ರೋಗ್ರಾಂ ಪಟ್ಟಿಯನ್ನು ಆಗಲೂ ಓದಬಹುದು. ಏನಾದರೂ ಎಡವಟ್ಟಾದರೆ 23606ಕ್ಕೆ 0, 23607ಕ್ಕೆ 60 ಪೋಕ್ ಮಾಡಿ, ಹಳೆಯ ಅಕ್ಷರಗಳು ಮರಳುತ್ತವೆ.